ಹರಿಹರಕ್ಕೆ ಆಮೇಲೆ ಬಂದ ಮಳೆ

ಊಟದ ನಡುವೆ ಎದ್ದು ಹೋಗುವುದು ತಪ್ಪೆಂದು ನಮ್ಮ ಮನೆಯಲ್ಲಿ ಯಾರೂ ನನಗೆ ಕಲಿಸಲಿಲ್ಲ. ರೊಟ್ಟಿ ಮುರಿಯುತ್ತಿದ್ದಂತೆ ಅಪ್ಪ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಆಕಾಶ ನೋಡಿ ಬರುತ್ತಿದ್ದ. ಅವನು ಬಂದು ಕೂರುವ ಹೊತ್ತಿಗೆ ಅವ್ವ ಏಳುತ್ತಿದ್ದಳು. ಅಜ್ಜಿಗೆ ಮಂಡಿನೋವು, ಏಳಲಾರಳು. ಅದಕ್ಕೇ ಅವಳು ಕಿಟಕಿಯ ಎದುರಿಗೇ ತಟ್ಟೆ ಹಾಕಿಸಿಕೊಳ್ಳುತ್ತಿದ್ದಳು. ನಾವು ನಾಲ್ವರೂ ಒಟ್ಟಿಗೆ ಕುಳಿತು ಒಂದು ಊಟ ಮುಗಿಸಿದ ನೆನಪು ನನಗಿಲ್ಲ. ಇವತ್ತಿಗೂ ಹೋಟೆಲಿಗೆ ಹೋದರೆ ನಾನು ಬಾಗಿಲಿಗೆ ಮುಖ ಮಾಡಿಯೇ ಕೂರುತ್ತೇನೆ, ಎದುರಿಗೆ ಕೂತವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳುತ್ತೇನೆ. ನನ್ನ ಗಂಡ ಇದನ್ನು ಅಹಂಕಾರ ಎಂದುಕೊಂಡಿದ್ದಾನೆ. ಅಹಂಕಾರವಲ್ಲ, ಮಂಡಕ್ಕಿ ಭಟ್ಟಿಯವರ ಮನೆಯ ಚಾಳಿ.

ದಾವಣಗೆರೆಯಿಂದ ಶಾಮನೂರಿಗೆ ಹೋಗುವ ದಾರಿಯಲ್ಲಿತ್ತು ಆ ಮನೆ. ಮುಂದೆ ಪಡಸಾಲೆ, ನಡುವೆ ಹಗಲಲ್ಲೂ ದೀಪ ಬೇಕಾಗುವ ಒಂದು ಕೋಣೆ, ಆಮೇಲೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಸಿಮೆಂಟಿನ ಕಣ, ಅದರಾಚೆ ತಗಡು ಹೊದಿಸಿದ ಭಟ್ಟಿ. ಮನೆಗಿಂತ ಕಣವೇ ದೊಡ್ಡದು. ಮಂಡಕ್ಕಿ ಬಾಯಿಗೆ ಹಗುರ, ಕೈಗೆ ಹಗುರವಲ್ಲ. ಭತ್ತವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕಿ, ಬೇಯಿಸಿ, ಕಣದಲ್ಲಿ ಹರಡಿ ಒಣಗಿಸಬೇಕು. ಗಿರಣಿಯಲ್ಲಿ ಅಕ್ಕಿ ಮಾಡಿಸಿ, ಉಪ್ಪುನೀರು ಸವರಿ, ಆಮೇಲೆ ಭಟ್ಟಿಯ ಕಾದ ಮರಳಿನಲ್ಲಿ ಹುರಿಯಬೇಕು. ಎಲ್ಲ ಹದವೂ ಆ ಒಣಗುವುದರಲ್ಲಿದೆ. ಅಜ್ಜಿ ಒಂದು ಕಾಳನ್ನು ದವಡೆಗಿಟ್ಟು ಕಚ್ಚುತ್ತಿದ್ದಳು. ಕಟ್ ಎಂದರೆ ತಲೆಯಾಡಿಸುತ್ತಿದ್ದಳು, ಅನ್ನದಿದ್ದರೆ ಕಣದತ್ತಲೇ ಉಗುಳುತ್ತಿದ್ದಳು. ಅರ್ಧ ಒಣಗಿದ ಭತ್ತದ ಮೇಲೆ ಮಳೆ ಬಿತ್ತೆಂದರೆ ಮುಗಿಯಿತು. ಮುಗ್ಗು ಹಿಡಿದು ನಾರುತ್ತದೆ, ಮರಳಿಗೆ ಹಾಕಿದರೆ ಅರಳುವುದಿಲ್ಲ, ಅರಳಿದ್ದೂ ಹಲ್ಲಿಗೆ ಕಲ್ಲು. ಅದನ್ನು ದನ ಕೂಡ ಮೂಸಿ ಬಿಟ್ಟುಬಿಡುತ್ತಿದ್ದವು. ಹಾಗಾಗಿ ನಮ್ಮ ಮನೆಯಲ್ಲಿ ದೇವರಿಗಿಂತ ಹೆಚ್ಚು ಸಲ ಮುಖ ಎತ್ತಿ ನೋಡುತ್ತಿದ್ದದ್ದು ಮೋಡವನ್ನು.

ಮುಂಗಾರು ಮಳೆ ನಮಗೆ ಪಡುವಲಿಂದ ಬರುತ್ತಿತ್ತು, ಅಂದರೆ ಹರಿಹರದ ಕಡೆಯಿಂದ. ಹರಿಹರದಲ್ಲಿ ಹೊಳೆಯ ಹತ್ತಿರ ನನ್ನ ಸೋದರತ್ತೆ ನೀಲಮ್ಮನ ಮನೆ. ಅವಳು ಅಪ್ಪನ ಅಕ್ಕ. ತಾತ ಬೇಗ ಹೋದಮೇಲೆ ಅಪ್ಪನನ್ನು ಸೊಂಟದಲ್ಲಿ ಕೂರಿಸಿಕೊಂಡೇ ಕಣ ಕಾದವಳು. ಮದುವೆಯಾಗಿ ಹೋದರೂ ತವರಿನ ಕಣ ಅವಳ ತಲೆಯಿಂದ ಹೋಗಿರಲಿಲ್ಲ. ಇಬ್ಬರ ಮನೆಗೂ ಫೋನು ಬಂದ ವರ್ಷದಿಂದ ಅವಳದೊಂದು ಪದ್ಧತಿ ಶುರುವಾಯಿತು. ಅವಳ ಮಾಳಿಗೆಯ ಮೇಲೆ ಮೊದಲ ಹನಿ ಬಿದ್ದ ಕೂಡಲೇ ನಮ್ಮ ಪಡಸಾಲೆಯ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದವರು ಯಾರೆಂದು ಕೂಡ ಕೇಳುತ್ತಿರಲಿಲ್ಲ.

“ಹನಿ ಬಿತ್ತು. ಭತ್ತ ಬಾಚ್ರಿ.”

ಅಷ್ಟೇ, ಇಟ್ಟುಬಿಡುತ್ತಿದ್ದಳು. ಚೆನ್ನಾಗಿದ್ದೀರಾ ಇಲ್ಲ, ಉಂಡಿರಾ ಇಲ್ಲ. ನಾವೆಲ್ಲ ಹಲಗೆ ಹಿಡಿದು ಕಣಕ್ಕೆ ಓಡಿ, ಭತ್ತವನ್ನು ಗುಡ್ಡೆ ಮಾಡಿ, ತಾಡಪಾಲು ಎಳೆದು ಮೂಲೆಗಳಿಗೆ ಕಲ್ಲಿಡುವ ಹೊತ್ತಿಗೆ ಸರಿಯಾಗಿ ಮಳೆ ನಮ್ಮ ಮನೆಗೆ ಬರುತ್ತಿತ್ತು. ಪಕ್ಕದ ಭಟ್ಟಿಯವರು ನಮ್ಮನ್ನು ನೋಡಿ ತಮ್ಮ ಭತ್ತ ಬಾಚುತ್ತಿದ್ದರು. “ನನ್ನ ಮಗಳು ಮಳಿಗಿಂತ ಜೋರು” ಎಂದು ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಆ ಪದ್ಧತಿ ಮುರಿದದ್ದು ಒಂದು ದೀಪಾವಳಿಯ ಆಚೆಗೆ. ಪ್ರತಿ ದೀಪಾವಳಿಗೂ ಅಪ್ಪ ತಾನೇ ಹರಿಹರಕ್ಕೆ ಹೋಗಿ ಅಕ್ಕನಿಗೆ ಸೀರೆ ಕೊಟ್ಟು, ಉಂಡು ಬರುತ್ತಿದ್ದ. ಆ ವರ್ಷ ಮಂಡಕ್ಕಿಗೆ ಎಲ್ಲಿಲ್ಲದ ಗಿರಾಕಿ, ಭಟ್ಟಿ ಬಿಟ್ಟು ಕದಲುವಂತಿರಲಿಲ್ಲ. ಕೆಲಸದವನೊಬ್ಬನ ಕೈಯಲ್ಲಿ ಸೀರೆಯ ಚೀಲ ಕೊಟ್ಟು ಬಸ್ಸಿಗೆ ಹತ್ತಿಸಿದ. ಅತ್ತೆ ಸೀರೆ ತೆಗೆದುಕೊಂಡಳಂತೆ, “ಸೀರಿ ಬಂತು, ತಮ್ಮ ಬರ್ಲಿಲ್ಲ” ಅಂದಳಂತೆ. ಆ ಮಾತು ಹರಿಹರದಿಂದ ದಾವಣಗೆರೆಗೆ ಬರುವಷ್ಟರಲ್ಲಿ ಉಪ್ಪು ಖಾರ ಹಚ್ಚಿಕೊಂಡು ಬಂತು. ಅಪ್ಪ ಮುಖ ಗಂಟು ಹಾಕಿಕೊಂಡ. ಅದಾದ ಕೆಲವೇ ದಿನಕ್ಕೆ, ಕಣದ ತುಂಬ ಭತ್ತ ಹರಡುವ ಹೊತ್ತು, ಆಕಾಶ ಒಂದು ಥರಾ ಇತ್ತು. ಕರಿ ಮೋಡವಲ್ಲ, ಎಲ್ಲಿಂದ ಎಲ್ಲಿಗೂ ಒಂದೇ ಬೂದು ಬಣ್ಣ. ಅಪ್ಪ ಅವ್ವನನ್ನು ಕೇಳಿದ.

“ಹರಿಹರದಿಂದ ಫೋನ್ ಬಂತಾ?”

“ಇಲ್ರಿ.”

“ಹಂಗಾರೆ ಬರಂಗಿಲ್ಲ ಬಿಡು. ಹರಡ್ರಿ.”

ಮಧ್ಯಾಹ್ನ ಗಾಳಿ ಎದ್ದಿತು. ಹಿಂದೆಯೇ ಮಳೆ, ಗುಡುಗಿಲ್ಲ ಮಿಂಚಿಲ್ಲ, ಹಟ ಹಿಡಿದ ಮಗುವಿನಂತೆ ಒಂದೇ ಸಮ. ಮಾರನೆಯ ದಿನವೂ ಬಿಡಲಿಲ್ಲ. ಭತ್ತ ಕಣದಲ್ಲೇ ಉಬ್ಬಿ ಮುಗ್ಗಿತು. ಅಪ್ಪ ಫೋನಿನ ಮುಂದೆ ನಿಂತು ತಾನಾಗಿ ಹರಿಹರಕ್ಕೆ ಮಾಡಿದ್ದು ಅವತ್ತೇ ಮೊದಲು.

“ಸೀರಿ ಸಿಟ್ಟು ನನ್ನ ಕಣದ ಮ್ಯಾಲೆ ತೀರಿಸಿಕೊಂಡಿ ಅಲ್ಲೇನಕ್ಕ? ಬೇಕಂತಲೇ ಬಾಯಿ ಮುಚ್ಕೊಂಡು ಕುಂತಿ.”

ಅತ್ತೆಯ ದನಿ ದೊಡ್ಡದು. ಕಿವಿಯಿಂದ ದೂರ ಹಿಡಿದರೂ ಫೋನು ಇಡೀ ಪಡಸಾಲೆಗೆ ಕೇಳುತ್ತಿತ್ತು. ಅವಳು ಹೇಳಿದಳು.

“ಇನ್ನ ಮ್ಯಾಲೆ ನನ್ನ ಮನಿ ಮ್ಯಾಲೆ ಬಿದ್ದ ಮಳಿ ನನಗ, ನಿನ್ನ ಮನಿ ಮ್ಯಾಲೆ ಬಿದ್ದಿದ್ದು ನಿನಗ.”

ಮುಂದಿನ ಮುಂಗಾರಿಗೆ ಫೋನು ಬರಲಿಲ್ಲ. ಆ ವರ್ಷದಷ್ಟು ಚಡಪಡಿಕೆ ನಮ್ಮ ಮನೆ ಹಿಂದೆಂದೂ ಕಂಡಿರಲಿಲ್ಲ. ಅಪ್ಪ ಹಿತ್ತಲಿಗೆ ಹೋಗುವುದು ಸಾಲದೆ ಬಚ್ಚಲ ಮಾಡಿನ ಮೇಲೆ ಹತ್ತಿ ಹರಿಹರದ ದಿಕ್ಕಿಗೆ ನೋಡುತ್ತ ನಿಲ್ಲುತ್ತಿದ್ದ. ಯಾರಾದರೂ ಕರೆಯಬಹುದೆಂಬ ಆಸೆಯಿಂದ ಫೋನನ್ನು ಒರೆಸುತ್ತಿದ್ದವನೂ ಅವನೇ, ಯಾರೂ ಅಲ್ಲಿಗೆ ಮಾಡಬಾರದೆಂದು ಅದರ ಡಯಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡವನೂ ಅವನೇ. ಅಜ್ಜಿ ಆಗಾಗ ಎರಡು ಸೀರೆ, ವಿಭೂತಿ ಉಂಡೆ, ಎಲೆ ಅಡಿಕೆ ಎಲ್ಲ ಕೈಚೀಲಕ್ಕೆ ತುಂಬಿ “ನಾ ಮಗಳ ಮನಿಗೆ ಹೊಂಟೆ” ಎಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ಯಾರೂ ಬಸ್ ಸ್ಟ್ಯಾಂಡಿಗೆ ಕರೆದೊಯ್ಯುವುದಿಲ್ಲವೆಂದು ಗೊತ್ತಾದಮೇಲೆ ಚೀಲ ಬಿಚ್ಚುತ್ತಿದ್ದಳು, ಎಲೆ ಬಾಡಿರುತ್ತಿತ್ತು. ಮೇಲಾಗಿ ಅತ್ತೆಯ ಮಗಳು ಗೌರಿಗೆ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಅವ್ವನಿಗೆ ಸಂತೆಯಲ್ಲಿ ಸಿಕ್ಕಿತು, ತಾರೀಖು ಸಮೇತ. ಕುಂಕುಮ ಹಿಡಿದುಕೊಂಡು ತವರಿಗೆ ಮೊದಲು ಬಂದು ಕರೆಯಬೇಕಾದವಳು ಬಂದಿರಲಿಲ್ಲ.

“ಸ್ವಾದರಮಾವ ಇಲ್ದೆ ಹುಡುಗಿನ ಹಸಿಮಣಿಗೆ ಯಾರು ಕರ್ಕೊಂಡು ಬರ್ತಾರೆ? ಗ್ವಾಡಿನಾ?” ಎಂದು ಅಜ್ಜಿ ಕೇಳಿದಳು.

“ಕರೀದಿದ್ರೆ ನಾನೇನು ಗ್ವಾಡಿ ಹಾರಿ ಹೋಗ್ಲಾ?” ಎಂದ ಅಪ್ಪ.

ಇಬ್ಬರೂ ಸಣ್ಣವರಲ್ಲ. ಒಬ್ಬರು ಫೋನು ಎತ್ತಿ ಒಂದು ಮಾತಾಡಿದ್ದರೆ ಮುಗಿಯುತ್ತಿತ್ತು. ಮದುವೆ ಹತ್ತಿರ ಬಂದಂತೆಲ್ಲ ನನಗೆ ಭಯವಾಗುತ್ತಿತ್ತು. ಆ ದಿನ ಅಪ್ಪ ಇಲ್ಲಿ ಭಟ್ಟಿ ಹಚ್ಚಿಕೊಂಡು ಕುಳಿತುಬಿಟ್ಟರೆ ಆಮೇಲೆ ಯಾವ ಮಾತೂ ಅದನ್ನು ಸರಿಮಾಡಲಾರದು ಎಂದು ನನ್ನಂಥ ಹುಡುಗಿಗೂ ತಿಳಿಯುತ್ತಿತ್ತು.

ಇಂಥ ತಳಮಳದ ನಡುವೆಯೇ ಒಂಬತ್ತನೇ ತರಗತಿಯ ಭೂಗೋಳದ ಪಾಠ ನನ್ನ ತಲೆಯೊಳಕ್ಕೆ ಹೊಕ್ಕಿತು. ಪಾಠ ಚಂಡಮಾರುತದ್ದು. ಸಮುದ್ರ ಬಿಸಿಯೇರಿದಾಗ ಅದರ ಮೇಲಿನ ಗಾಳಿ ಆವಿ ತುಂಬಿಕೊಂಡು ಹಗುರಾಗಿ ಮೇಲೇರುತ್ತದೆ. ಮೇಲೆ ತಣ್ಣಗಾಗಿ ಆವಿ ಹನಿಯಾಗುವಾಗ ತಾನು ಹೊತ್ತು ತಂದ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನಷ್ಟು ಮೇಲಕ್ಕೆ ಹೋಗುತ್ತದೆ, ಕೆಳಗೆ ತೆರವಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ನುಗ್ಗುವ ಗಾಳಿಯೂ ಬೆಚ್ಚನೆ ನೀರಿನ ಮೇಲೇ ಹಾದು ಬರಬೇಕು, ಹಾಗಾಗಿ ಅದೂ ಆವಿ ತುಂಬಿಕೊಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ನೇರ ನುಗ್ಗಲಾರದೆ ಸುತ್ತತೊಡಗುತ್ತದೆ. ಮೇಷ್ಟ್ರು ಇದನ್ನು ಹೇಳುವಾಗ ಅರ್ಧ ತರಗತಿ ತೂಕಡಿಸುತ್ತಿತ್ತು. ನನಗೆ ಬೆಂಚಿನ ಮೇಲೆ ಕೂರಲಾಗುತ್ತಿರಲಿಲ್ಲ. ಭತ್ತದ ತೊಟ್ಟಿಯ ಮುಚ್ಚಳ ತೆಗೆಯುವಾಗ ಹಬೆ ಬಡಿದು ನನ್ನ ಮುಂಗೈ ಒಮ್ಮೆ ಸುಟ್ಟಿತ್ತು. ಬಿಸಿನೀರು ಬಿದ್ದರೆ ಕೆಂಪಾಗುವ ಚರ್ಮ ಹಬೆಗೆ ಸುಲಿದೇ ಹೋಗುತ್ತದೆ. ಹಬೆ ತನ್ನೊಳಗೆ ನೀರಿಗಿಂತ ಹೆಚ್ಚು ಬೆಂಕಿ ಬಚ್ಚಿಟ್ಟುಕೊಂಡಿರುತ್ತದೆ ಎಂಬುದಕ್ಕೆ ನನ್ನ ಕೈಯೇ ಸಾಕ್ಷಿ. ಭಟ್ಟಿ ಜೋರಾದಾಗ ಅದರ ಬಾಯಿ ಸುತ್ತಲ ಗಾಳಿಯನ್ನು ಎಳೆದುಕೊಳ್ಳುವುದನ್ನು, ನೆಲದ ಹೊಟ್ಟು ತಾನಾಗಿ ಬೆಂಕಿಯ ಕಡೆ ಓಡುವುದನ್ನು ದಿನಾ ನೋಡುತ್ತಿದ್ದೆ. ಸಮುದ್ರವನ್ನೇ ಕಾಣದ ನನಗೆ ಸಮುದ್ರ ಅರ್ಥವಾದದ್ದು ನಮ್ಮ ಹಿತ್ತಲಿಂದ.

“ಸಮುದ್ರದ ನೀರು ಕುದೀಬೇಕಾ ಸರ್?” ಎಂದು ಎದ್ದು ಕೇಳಿದೆ.

“ಕುದಿಯೋದು ಬ್ಯಾಡಮ್ಮ, ನೀ ಸ್ನಾನ ಮಾಡೋವಷ್ಟು ಬಿಸಿನೂ ಬ್ಯಾಡ. ಬೆಚ್ಚಗಿದ್ರೆ ಸಾಕು. ಆದ್ರೆ ಮ್ಯಾಲೆ ಮ್ಯಾಲೆ ಬೆಚ್ಚಗಿದ್ರೆ ಆಗಂಗಿಲ್ಲ, ಆಳದ ತನಕ ಇರ್ಬೇಕು.”

ಯಾಕೆಂದರೆ ಗಾಳಿ ಸಮುದ್ರವನ್ನು ಕಲಕುತ್ತದೆ, ಅಡಿಯಲ್ಲಿ ತಣ್ಣೀರಿದ್ದರೆ ಮೇಲೆ ಬಂದು ಒಲೆ ಆರಿಸಿದಂತಾಗುತ್ತದೆ. ಅದನ್ನು ನಾನು ಮನೆಗೆ ಬಂದು ಬಚ್ಚಲ ಹಂಡೆಯಲ್ಲಿ ಪರೀಕ್ಷಿಸಿದೆ. ಅಜ್ಜಿಯ ಸ್ನಾನಕ್ಕೆಂದು ಕಾಯಿಸಿ ಇಳಿಸಿದ್ದ ಹಂಡೆಗೆ ಅಡಿಯಲ್ಲಿ ತಣ್ಣೀರು ನಿಲ್ಲುವ ಹಾಗೆ ಕೊಳವೆಯಿಂದ ಬಿಟ್ಟೆ. ಮೇಲೆ ಕೈಯಿಟ್ಟರೆ ಬಿಸಿ, ಕೋಲು ಹಾಕಿ ಕಲಕಿದರೆ ಎಲ್ಲ ಉಗುರುಬೆಚ್ಚಗೆ. ಮೈಮೇಲೆ ಒಂದು ತಂಬಿಗೆ ಸುರಿದುಕೊಂಡ ಅಜ್ಜಿ ಬಚ್ಚಲಿಂದಲೇ ನನ್ನ ಜನ್ಮ ಜಾಲಾಡಿದಳು. ನನಗೆ ಅದು ಕೇಳಿಸಲಿಲ್ಲ. ಪಾಠದ ಕೊನೆಯ ಮಾತೊಂದು ಬೆಳಗಿನಿಂದ ನನ್ನನ್ನು ಕುಟುಕುತ್ತಿತ್ತು. ನಮ್ಮ ಕಡೆಗೆ ಬರುವ ಚಂಡಮಾರುತಗಳು ಬಹಳಷ್ಟು ಬಂಗಾಳ ಕೊಲ್ಲಿಯವು; ದೀಪಾವಳಿಯ ಹಿಂದುಮುಂದೆ ಹುಟ್ಟಿ ಪಡುವಲ ಕಡೆಗೆ ನಡೆಯುತ್ತವೆ; ನೆಲ ಸೇರಿದ ಮೇಲೆ ಬೆಚ್ಚನೆ ನೀರು ತಪ್ಪಿ ಗಾಳಿಯ ಸೊಕ್ಕು ಇಳಿಯುತ್ತದೆ, ಹೊತ್ತು ತಂದ ಮಳೆಯನ್ನು ಮಾತ್ರ ಒಳನಾಡಿನವರ ಮೇಲೆ ಸುರಿದು ಹೋಗುತ್ತವೆ. ಅಂದರೆ ಮೂಡಲಿಂದ. ಮೊದಲು ಚಿತ್ರದುರ್ಗದ ಕಡೆ, ಆಮೇಲೆ ನಾವು, ನಮ್ಮನ್ನು ದಾಟಿದ ಮೇಲೆ ಹರಿಹರ. ಹೋದ ವರ್ಷ ನಮ್ಮ ಭತ್ತ ತೊಯ್ಯುವಾಗ ಅತ್ತೆಯ ಮಾಳಿಗೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವಳು ಏನೆಂದು ಫೋನು ಮಾಡಬೇಕಿತ್ತು?

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಅಪ್ಪ ಒಂದು ಸಲ ಹಿತ್ತಲಿಗೆ ಹೋಗಿ ಬಂದು ಕೂರುವುದನ್ನೇ ಕಾಯುತ್ತಿದ್ದೆ. ಸಮುದ್ರ, ಆವಿ, ಮೂಡಲು, ಪಡುವಲು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಪಲ್ಯ ಹಾಕಿಸಿಕೊಳ್ಳುತ್ತ ನಕ್ಕ.

“ನಿಮ್ಮ ಸರ್ ಎಂದಾದ್ರೂ ಭತ್ತ ಒಣಗಿಸ್ಯಾರಾ?”

“ಅದು ಬಿಡಪ್ಪ. ಅತ್ತಿಗಾದ್ರೂ ಗೊತ್ತಾಗೋಕೆ ದಾರಿನೇ ಇರ್ಲಿಲ್ಲ. ಮಳಿ ನಮ್ಮನ್ನ ತೋಯಿಸಿ ಆಮ್ಯಾಲೆ ಅವರ ಮನಿಗೆ ಹೋಗೈತೆ. ನೀನು ಸುಮ್ಮನೆ ಬೈದಿ.”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅಜ್ಜಿ ಹಣೆ ಚಚ್ಚಿಕೊಂಡಳು.

“ಹಿಂಗಾರು ಮಳಿ ಮೂಡಲಿಂದ ಬರ್ತೈತೆ ಅಂತ ಹೊಲ ಮಾಡೋರಿಗೆಲ್ಲ ಗೊತ್ತಲ್ಲೋ. ನಾವೂ ಹೊಲ ಮಾಡ್ದೋರೇ. ಆ ಫೋನ್ ಬಂದ ಮ್ಯಾಲೆ ಮುಗಿಲು ನೋಡೋದು ಬಿಟ್ಟು ಅದನ್ನ ನೋಡ್ಕೊಂತ ಕುಂತ್ವಿ.”

ಅಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದು ಹೋದ. ಅವ್ವ ನನ್ನ ತೊಡೆಗೆ ಚಿವುಟಿದಳು. ಅವನಿಗೆ ತಿಳಿಯಿತೆಂದು ನನಗೆ ಗೊತ್ತಾಯಿತು. ತಿಳಿದ ಮೇಲೂ ಫೋನಿನ ಹತ್ತಿರ ಹೋಗದೆ ಭಟ್ಟಿಯ ಬೂದಿ ಕೆದಕುತ್ತ ನಿಂತನಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯಿತು. ಅಷ್ಟು ಸಿಟ್ಟು ನಾನು ಅಪ್ಪನ ಮೇಲೆ ಆವರೆಗೆ ಮಾಡಿಕೊಂಡಿರಲಿಲ್ಲ.

ಕೆಲವು ದಿನಕ್ಕೆ, ದೀಪಾವಳಿ ಹತ್ತಿರ ಬಂದಾಗ, ರೇಡಿಯೋ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದಿತು. ಮೊದಲೆಲ್ಲ ಆ ಮಾತು ಬಂದರೆ ಅಪ್ಪ ನಮಗೇನು ಎಂಬಂತೆ ಸ್ಟೇಷನ್ ತಿರುಗಿಸುತ್ತಿದ್ದ. ಈ ಸಲ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಕೇಳಿದ, ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಬಿಸಿಲಿತ್ತು, ಆದರೆ ಸೂರ್ಯನಿಗೆ ತೆಳು ಬಟ್ಟೆ ಹೊದಿಸಿದ ಹಾಗೆ. ಅದಕ್ಕೂ ಮುಂದಿನ ಬೆಳಿಗ್ಗೆ ಅಪ್ಪ ಬಚ್ಚಲ ಮಾಡು ಹತ್ತಿ ನಿಂತದ್ದನ್ನು ಅಡುಗೆಮನೆಯಿಂದ ನೋಡಿದೆ. ಹರಿಹರಕ್ಕೆ ಬೆನ್ನು ಮಾಡಿದ್ದ. ಕೆಲಸದವರು ಭತ್ತದ ಬುಟ್ಟಿ ಹೊತ್ತು ನಿಂತಿದ್ದರು.

“ಅರ್ಧ ಹರಡ್ರಿ. ತಾಡಪಾಲು ಕೈಗೆ ಸಿಗೋಹಂಗ ಇಡ್ರಿ,” ಎಂದ.

ಅವತ್ತು ಭಾನುವಾರ, ನಾನು ಮನೆಯಲ್ಲಿದ್ದೆ. ಹತ್ತು ಗಂಟೆಯ ಸುಮಾರಿಗೆ ಸಂತೆಯಿಂದ ಬಂದ ಅವ್ವ ಹರಿಹರದ ಸುದ್ದಿ ತಂದಳು. ಗೌರಿಯ ಮದುವೆಗೆ ಹಪ್ಪಳ ಸಂಡಿಗೆ ಹಾಕುತ್ತಿದ್ದಾರಂತೆ, ಮಾಳಿಗೆಯ ತುಂಬ ಚಾಪೆಯಂತೆ, ಇವತ್ತಿನ ಬಿಸಿಲಿಗೆ ಒಣಗಿದರೆ ಡಬ್ಬಿಗೆ ತುಂಬುವುದಂತೆ. ಅಪ್ಪ ಕೇಳಿಸಿಕೊಂಡು ಕೇಳದವನಂತೆ ಹೋದ. ಊಟದ ಹೊತ್ತಿಗೆ ಭಟ್ಟಿಯ ತಗಡು ಪಟಪಟ ಎನ್ನತೊಡಗಿತು. ಹೊಟ್ಟು ಮೂಡಲಿಂದ ಪಡುವಲಕ್ಕೆ ಹಾರುತ್ತಿತ್ತು. ಅಪ್ಪ ಕೂಗಿದ್ದೇ ತಡ, ಎಲ್ಲರೂ ಓಡಿ ಬಾಚಿದೆವು, ತಾಡಪಾಲು ಎಳೆದೆವು. ಕೊನೆಯ ಮೂಲೆಗೆ ಕಲ್ಲಿಡುವಾಗ ನನ್ನ ಕೈಮೇಲೆ ಹನಿ ಬಿತ್ತು. ಯಾರೂ ಹೇಳದೆ, ಯಾರ ಫೋನೂ ಬರದೆ ನಮ್ಮ ಭತ್ತ ಉಳಿದದ್ದು ಮನೆಗೆ ಫೋನು ಬಂದಮೇಲೆ ಅದೇ ಮೊದಲು. ಕೆಲಸದವರು ನಗುತ್ತಿದ್ದರು. ನಾನು ಅಪ್ಪನ ಒದ್ದೆ ಅಂಗಿ ಹಿಡಿದು ಜಗ್ಗಿದೆ.

“ಅಪ್ಪ, ಅತ್ತಿ ಮಾಳಿಗಿ ಮ್ಯಾಲೆ ಹಪ್ಪಳ ಐತೆ. ಮಳಿ ಇನ್ನ ಅಲ್ಲಿಗೆ ಹೋಗಿಲ್ಲ.”

“ಮೋಡ ಕಾಣಲ್ವಾ ಅವಳಿಗೆ?”

“ಅವರು ಪಡುವಲ ನೋಡ್ತಿರ್ತಾರೆ. ನೀನೂ ಅದನ್ನೇ ನೋಡ್ತಿದ್ದಿ.”

ಅವನು ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಕಣದ ನಡುವೆ ನಿಂತು ಒಮ್ಮೆ ತಲೆಯೆತ್ತಿ ಮೋಡ ಹೋಗುತ್ತಿದ್ದ ದಿಕ್ಕನ್ನು ನೋಡಿದ. ಆಮೇಲೆ ದೊಡ್ಡ ಹೆಜ್ಜೆ ಹಾಕುತ್ತ ಅಡುಗೆಮನೆ, ನಡುಮನೆ ದಾಟಿ ಪಡಸಾಲೆಗೆ ನಡೆದ. ದಾರಿಯುದ್ದಕ್ಕೂ ಒದ್ದೆ ಕಾಲಿನ ಗುರುತು. ಉಡದಾರದಿಂದ ಬೀಗದ ಕೈ ಬಿಚ್ಚಲು ಅವನ ಬೆರಳಿಗೆ ಆಗಲಿಲ್ಲ. ಅಜ್ಜಿ ಗೋಡೆ ಹಿಡಿದು ಎದ್ದು ಬಂದು ಗಂಟು ಬಿಚ್ಚಿಕೊಟ್ಟಳು. ಡಯಲ್ ತಿರುಗುವ ಸದ್ದು ನಿಂತಮೇಲೆ ಆ ಕಡೆ ಗಂಟೆ ಹೊಡೆಯಿತು, ಮತ್ತೆ ಹೊಡೆಯಿತು. ನಾನು ಅಪ್ಪನ ಮೊಣಕೈಗೆ ಅಂಟಿಕೊಂಡಿದ್ದೆ.

“ಯಾರ್ರೀ?” ಎಂದಳು ಅತ್ತೆ.

“ಅಕ್ಕ, ಮಾಳಿಗಿ ಮ್ಯಾಲಿನ ಹಪ್ಪಳ ತಗೊ. ಮಳಿ ಬರ್ತೈತೆ.”

ಆ ಕಡೆ ಕಿಟಕಿ ತೆಗೆದ ಸದ್ದು ಬಂತು.

“ಇಲ್ಲಿ ಒಂದು ಹನಿ ಇಲ್ಲ,” ಎಂದಳು ಆಮೇಲೆ, ದನಿ ಗಡುಸಾಗಿ. “ಹೊಳಿ ಕಡಿ ಮುಗಿಲು ಬೆಳ್ಳಗೈತೆ.”

“ಹೊಳಿ ಕಡಿಂದ ಅಲ್ಲಕ್ಕ. ಮೂಡಲಿಂದ ಬರ್ತೈತೆ. ನಮಗ ಮೊದ್ಲು, ನಿನಗ ಆಮ್ಯಾಲೆ.”

ಹೇಳಿಬಿಟ್ಟ ಮೇಲೆ ಆ ಮಾತಿನ ಅರ್ಥ ಅವನಿಗೇ ಹೊಳೆದಂತೆ ಅಪ್ಪ ಕಣ್ಣು ಮುಚ್ಚಿದ. ಅತ್ತೆಗೂ ಹೊಳೆದಿರಬೇಕು.

“ಹೋದ ವರ್ಷನೂ ಹಂಗೇ ಬಂದಿತ್ತೇನು?”

“ಹಂಗೇ ಬಂದಿತ್ತು.”

“ನಿನಗ ಗೊತ್ತಿರ್ಲಿಲ್ಲ.”

“ಗೊತ್ತಿರ್ಲಿಲ್ಲಕ್ಕ. ಗೊತ್ತಿಲ್ದೆ ಅಂದೆ.”

ಅವಳು ಮೂಗು ಸೀಟಿದ್ದು ಕೇಳಿಸಿತು.

“ಫೋನ್ ಇಡಬ್ಯಾಡ. ಹಪ್ಪಳ ತಗೊಂಡು ಬರ್ತೀನಿ. ಇಡಬ್ಯಾಡ ಮತ್ತ.”

ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಫೋನಿನೊಳಗಿಂದ ಗೌರಿಯನ್ನು ಕೂಗುವ ದನಿ, ಮೆಟ್ಟಿಲು ಹತ್ತುವ ಕಾಲಿನ ಸದ್ದು, ಯಾವುದೋ ಡಬ್ಬಿ ಉರುಳಿದ ಸದ್ದು ಬಂದವು. ಮಳೆಯ ಸದ್ದಿನಲ್ಲಿ ಏನೂ ಕೇಳಿಸದೆ, ಏನಂತೆ, ಏನಂದಳು ಎಂದು ಅಜ್ಜಿ ಕೇಳುತ್ತಲೇ ಇದ್ದಳು. ಅಪ್ಪ ಕೈಯಾಡಿಸಿ ಸುಮ್ಮನಿರಿಸಿದ. ಕೆಲಸದವನೊಬ್ಬ ಬಂದು ಭಟ್ಟಿಗೆ ಹೊಟ್ಟು ಹಾಕಲೇ ಎಂದು ಕೇಳಿದ, ಅವನಿಗೂ ಅದೇ ಕೈಸನ್ನೆ. ನಮ್ಮ ಮಾಡಿನ ಮೇಲೆ ಮಳೆ ಜೋರಾಗಿ, ಸ್ವಲ್ಪ ತಗ್ಗಿ, ಮತ್ತೆ ಜೋರಾಯಿತು. ಎಷ್ಟೋ ಹೊತ್ತಾದ ಮೇಲೆ ಅಪ್ಪ ನನ್ನ ತಲೆಯನ್ನು ಹತ್ತಿರ ಎಳೆದು ಫೋನನ್ನು ನನ್ನ ಕಿವಿಗೆ ಹಿಡಿದ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ದೂರದಲ್ಲಿ, ಹರಿಹರದಲ್ಲಿ, ಅತ್ತೆಯ ಅಂಗಳದಲ್ಲಿ ಮಳೆ ಬೀಳತೊಡಗಿದ್ದು ಕೇಳಿಸಿತು. ಬಂಗಾಳ ಕೊಲ್ಲಿಯಿಂದ ಹೊರಟದ್ದು ನಮ್ಮನ್ನು ದಾಟಿ ಅಲ್ಲಿಗೆ ಮುಟ್ಟಿತ್ತು. ನನಗೆ ಅಳು ಬಂತು. ಯಾಕೆಂದು ಆಗ ಹೇಳಲು ಬರುತ್ತಿರಲಿಲ್ಲ.

ಆ ಕಡೆ ಏದುಸಿರು ಬಂತು. ಅಪ್ಪ ಫೋನನ್ನು ತನ್ನ ಕಿವಿಗೆ ತೆಗೆದುಕೊಂಡ.

“ಇದ್ದೀಯೇನೋ ತಮ್ಮ?”

“ಇದ್ದೀನಕ್ಕ.”

“ಹಂಗಾರೆ ಕೇಳು,” ಎಂದಳು ಅತ್ತೆ, ಮದುವೆಯ ತಾರೀಖು ಹೇಳಿದಳು.

ಅದು ನಮ್ಮ ಮನೆಯ ಗೋಡೆಗೂ ಬಾಯಿಪಾಠವಾಗಿದ್ದ ತಾರೀಖು. ಅಪ್ಪ ಈಗಷ್ಟೇ ಕೇಳಿದವನ ಹಾಗೆ, “ಹೌದೇನಕ್ಕ?” ಎಂದ.